ಹಳೇ ಪ್ಯೂಟರ್ ಟೀಪಾಟ್ ಕೊಳ್ಳುವ ಮುಂಚೆ ಏನು ನೋಡಬೇಕು?

ಪ್ರಶ್ನೆ: ನಾನಿರುವುದು ಬಾಸ್ಟನ್ ಹತ್ತಿರ. ಇಲ್ಲೊಬ್ಬರು ಮನೆ ಸಾಮಾನು ಮಾರುತ್ತಿದ್ದಾರೆ, ಅದರಲ್ಲಿ ಬೂದು ಬಣ್ಣದ ಪ್ಯೂಟರ್ (ಹೆಚ್ಚಾಗಿ ತವರವೇ ಇರುವ ಮಿಶ್ರಲೋಹ) ಟೀಪಾಟ್ ಒಂದಿದೆ. ತಳದಲ್ಲಿ ‘ಆರ್. ಗ್ಲೀಸನ್’ ಅಂತ ಅಚ್ಚಿದೆ. 140 ಡಾಲರ್ ಅಂತೆ. ತಗೊಳ್ಳಲಾ? ಅದರಲ್ಲಿ ಟೀ ಕುಡಿಯಬಹುದಾ?

ಉತ್ತರ 1: ಅದು ರಾಸ್ವೆಲ್ ಗ್ಲೀಸನ್, ನಿಮ್ಮ ಪಕ್ಕದ ಡಾರ್ಚೆಸ್ಟರ್‌ನವರೇ. 19ನೇ ಶತಮಾನದಲ್ಲಿ ದೊಡ್ಡ ಕಾರ್ಖಾನೆ ನಡೆಸಿದವರು, ಅವರ ಮಾಲು ಇನ್ನೂ ಸಿಗುತ್ತದೆ, ಅವಸರ ಬೇಡ. ಕೈಗೆ ಸಿಗದಿರುವುದು ಅದಕ್ಕೂ ಹಿಂದಿನವು, ಫಿಲಡೆಲ್ಫಿಯಾದ ವಿಲಿಯಂ ವಿಲ್ ಮಾಡಿದಂಥವು. ಆಗ ಅಮೆರಿಕದಲ್ಲಿ ತವರ ಸಿಗುತ್ತಿರಲಿಲ್ಲ, ಇಂಗ್ಲೆಂಡಿನಿಂದ ತರಿಸಿದರೆ ತವರದ ಗಟ್ಟಿಗಳಿಗೆ ಸುಂಕ, ಆದರೆ ಅಲ್ಲೇ ತಯಾರಾದ ಪಾತ್ರೆಗೆ ಸುಂಕವಿಲ್ಲ! ಹಾಗಾಗಿ ಇಲ್ಲಿನ ಕೆಲಸಗಾರರು ಒಡೆದ ಪಾತ್ರೆ ತಗೊಂಡು, ಕರಗಿಸಿ, ಹೊಸದು ಎರಕ ಹೊಯ್ದು ಕೊಡುತ್ತಿದ್ದರು, ನಮ್ಮಲ್ಲಿ ಹಳೇ ಹಿತ್ತಾಳೆ ಹಾಕಿ ಸ್ಟೀಲ್ ತಗೊಳ್ಳುತ್ತಿದ್ದ ಹಾಗೆ. ಹಳೆಯದು ಉಳಿಯುವುದಾದರೂ ಹೇಗೆ?

ಹೋದಾಗ ಮೊಬೈಲ್ ಟಾರ್ಚ್ ಒಳಗೆ ಬಿಟ್ಟು ಹೊರಗಿಂದ ನೋಡಿ. ತಳದ ಅಂಚು, ಮೂತಿ ಸೇರುವ ಜಾಗ, ಎರಡೂ ಕಡೆ. ಸೂಜಿಮೊನೆಯಷ್ಟು ಬೆಳಕು ಬಂದರೂ ತೂತು ಅಂತಲೇ ಲೆಕ್ಕ. ಮುಚ್ಚಳದ ಕೀಲಿನ ಸಂದಿಯಲ್ಲಿ ಬೆಳ್ಳಿ ಹೊಳಪು ಕಂಡರೆ, ಬೆಳ್ಳಿ ಲೇಪದ ಪಾತ್ರೆಯನ್ನು ಉಜ್ಜಿ ಪ್ಯೂಟರ್ ಅಂತ ಮಾರುತ್ತಿರಬಹುದು.

ಉತ್ತರ 2: ದಯವಿಟ್ಟು ಒಲೆ ಮೇಲೆ ಇಡಬೇಡಿ. ನಾನು ಇಟ್ಟಿದ್ದೆ. ಬರೀ ತವರವೇ 232 ಡಿಗ್ರಿಗೆ ಕರಗುತ್ತದೆ, ಕಲಾಯಿ ಹಾಕುವವರನ್ನು ನೋಡಿ ಬೆಳೆದವಳು ನಾನು, ಅಷ್ಟು ಗೊತ್ತಿರಬೇಕಿತ್ತು ಅಲ್ವಾ? ನೀರು ಬತ್ತಿದ್ದು ಗಮನಿಸಲಿಲ್ಲ. ತಳ ಬೆಣ್ಣೆ ಥರ ಕುಸಿದು ಬರ್ನರ್‌ಗೆ ಅಂಟಿತು.

ಉತ್ತರ 3: ಕುಡಿಯುವುದು ಬೇಡ ಅಂತ ನನ್ನ ಮಾತು. ಗ್ಲೀಸನ್ ಕಾಲದ್ದು ಹೆಚ್ಚಾಗಿ ಬ್ರಿಟಾನಿಯಾ ಲೋಹ, ಅಂದರೆ ತವರದ ಜೊತೆ ಆಂಟಿಮನಿ, ಸ್ವಲ್ಪ ತಾಮ್ರ. ಅದಕ್ಕೆ ಸೀಸ ಬೆರೆಸುತ್ತಿರಲಿಲ್ಲ. ಆದರೆ ಆಮೇಲೆ ಯಾರೋ ಹಾಕಿದ ಬೆಸುಗೆಯಲ್ಲಿ ಸೀಸ ಇರಬಹುದು, ಸುಮ್ನೆ ಯಾಕೆ ರಿಸ್ಕ್? ಇನ್ನೊಂದು, ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಹುಳಿ ಲೋಹವನ್ನು ತಿನ್ನುತ್ತದೆ. ಆ ಮಂಕು ಬಣ್ಣಕ್ಕೇ ಜನ ಜಾಸ್ತಿ ದುಡ್ಡು ಕೊಡುವುದು.

ಕೇಳಿದವರು: ಟಾರ್ಚ್ ಬಿಟ್ಟು ನೋಡಿದೆ. ಮೂತಿಯ ಬುಡದಲ್ಲಿ ಎರಡು ಚುಕ್ಕೆ ಬೆಳಕು. 90 ಡಾಲರ್‌ಗೆ ಕೇಳಿದೆ, ಮಾರುತ್ತಿದ್ದ ಅಜ್ಜಿ ಒಪ್ಪಲಿಲ್ಲ. ಬಿಟ್ಟು ಬಂದೆ.