‘ಸಮಾನ ಅವಕಾಶ’ವೋ, ‘ಸಮಾನ ಹಕ್ಕೋ’? ಚಾರ್ಜಿಂಗ್ ಮನವಿಯಲ್ಲಿ ಬಂದ ಪದದ ಬಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮೂರಿನ ಗ್ರಾಮಸಭೆಗೆ ಒಂದು ಮನವಿ ತಯಾರಾಗುತ್ತಿದೆ. ಬ್ಯಾಟರಿ ಆಟೋ ಓಡಿಸುವವರು ಮಲಯಾಳದಲ್ಲಿ ಬರೆದದ್ದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೂಲದಲ್ಲಿ ‘ಚಾರ್ಜ್ ಚೆಯ್ಯಾನುಳ್ಳ ತುಲ್ಯ ಅವಕಾಶಂ’ ಎಂದಿದೆ. ಕನ್ನಡದ ಮೊದಲ ಕರಡಿನಲ್ಲಿ ಅದು ‘ಚಾರ್ಜ್ ಮಾಡಲು ಸಮಾನ ಅವಕಾಶ’ ಆಗಿದೆ. ಓದಲು ಸರಾಗವಾಗಿದ್ದರೂ ಕೇಳಿದ್ದು ಒಂದು, ಬರೆದದ್ದು ಇನ್ನೊಂದು ಎಂದು ನನಗೆ ಅನಿಸುತ್ತಿದೆ.

ಮಲಯಾಳದ ಅವಕಾಶಂ ಎಂದರೆ ಹಕ್ಕು. ಮನುಷ್ಯಾವಕಾಶಂ ಅಂದರೆ ಮಾನವ ಹಕ್ಕು, ವಿವರಾವಕಾಶಂ ಅಂದರೆ ಮಾಹಿತಿ ಹಕ್ಕು. ಆಸ್ತಿಗೆ ವಾರಸುದಾರನಾದವನು ಅವಕಾಶಿ. ನಮ್ಮ ಅವಕಾಶ ಹಾಗಲ್ಲ, ಅದು ಸಿಕ್ಕರೆ ಸಿಕ್ಕಿತು, ತಪ್ಪಿದರೆ ತಪ್ಪಿತು. ಸಂಸ್ಕೃತದಲ್ಲಿ ಎಡೆ, ತೆರಪು ಎಂಬ ಅರ್ಥದಿಂದ ಹೊರಟ ಈ ಪದ ಒಂದೊಂದು ಭಾಷೆಯಲ್ಲಿ ಒಂದೊಂದು ಕಡೆ ನಿಂತಿದೆ. ಮರಾಠಿಯಲ್ಲಿ ‘ಅಜೂನ್ ಅವಕಾಶ ಆಹೆ’ ಎಂದರೆ ಇನ್ನೂ ಸಮಯವಿದೆ ಎಂದು. ತಮಿಳಿನಲ್ಲಿಯೂ ಅದು ಹೆಚ್ಚಾಗಿ ಕೊಟ್ಟ ಗಡುವು, ನಮ್ಮ ‘ಕಾಲಾವಕಾಶ’ದ ಹಾಗೆ. ತೆಲುಗಿನವರು ನಮ್ಮಂತೆಯೇ ಬಳಸುತ್ತಾರೆ. ಹಕ್ಕಿನ ಅರ್ಥ ಗಟ್ಟಿಯಾಗಿ ನಿಂತದ್ದು ಮಲಯಾಳದಲ್ಲಿ. ಹಾಗಾಗಿ ಈ ತೊಡಕು ಕಾಸರಗೋಡಿನ ನಮಗೇ ಹೆಚ್ಚು.

ಇಲ್ಲಿ ಬೇಕಾದದ್ದು ಹಕ್ಕು ಎಂದು ನಾನು ಯಾಕೆ ಹಟ ಹಿಡಿಯುತ್ತೇನೆ ಎಂದರೆ, ಮನವಿಯ ವಿಷಯವೇ ಹಾಗಿದೆ. ಸ್ವಂತ ಮನೆ, ಸ್ವಂತ ಮೀಟರ್ ಇದ್ದವರು ರಾತ್ರಿ ಗಾಡಿಯನ್ನು ಜಗಲಿಯ ಬದಿಯಲ್ಲಿ ನಿಲ್ಲಿಸಿ ಪ್ಲಗ್ ಚುಚ್ಚಿ ಮಲಗುತ್ತಾರೆ. ಬಾಡಿಗೆ ಕ್ವಾರ್ಟರ್ಸಿನಲ್ಲಿ ಇರುವವನಿಗೆ ಮಾಲಕರು ಅಷ್ಟು ಕರೆಂಟು ಎಳೆಯಲು ಬಿಡುವುದಿಲ್ಲ. ಅಂಥವನಿಗೆ ರಸ್ತೆ ಬದಿಯ ಪಾಯಿಂಟೇ ಗತಿ, ಅಲ್ಲಿ ದರವೂ ಹೆಚ್ಚು. ವಾಹನ ಚಾರ್ಜ್ ಮಾಡಿಕೊಡುವುದು ವಿದ್ಯುತ್ತಿನ ಮಾರಾಟವಲ್ಲ, ಒಂದು ಸೇವೆ ಎಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿತು. ಯಾರು ಬೇಕಾದರೂ ಲೈಸೆನ್ಸ್ ಇಲ್ಲದೆ ಕೇಂದ್ರ ತೆರೆಯಲು ಅದರಿಂದ ದಾರಿಯಾದದ್ದು ಒಳ್ಳೆಯದೇ. ಆದರೆ ಮನೆಯ ಕರೆಂಟಿಗೆ ಜಿಎಸ್‌ಟಿ ಇಲ್ಲ, ಸಾರ್ವಜನಿಕ ಚಾರ್ಜಿಂಗ್ ಸೇವೆಗೆ ಶೇ. 18 ಇದೆ. ಮನೆಯಲ್ಲಿ ಮೀಟರ್ ಇಲ್ಲದವನೇ ಈ ತೆರಿಗೆ ಕಟ್ಟುವುದು ಯಾವ ನ್ಯಾಯ?

ಕೇರಳದಲ್ಲಿ ಕರೆಂಟಿನ ಕಂಬಕ್ಕೇ ಚಾರ್ಜಿಂಗ್ ಪಾಯಿಂಟ್ ಕೂರಿಸುವ ಯೋಜನೆ 2021ರಲ್ಲಿ ಕೋಝಿಕ್ಕೋಡಿನಲ್ಲಿ ಶುರುವಾಗಿ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಸ್ಕೂಟರ್, ಆಟೋಗಳಿಗೆಂದೇ ಮಾಡಿದ್ದು, ಕಡಿಮೆ ಖರ್ಚಿನದ್ದು. ಬಡವರ ಗಾಡಿಗೆ ಇದಕ್ಕಿಂತ ಹೊಂದುವ ಏರ್ಪಾಡು ನನಗೆ ಕಾಣುವುದಿಲ್ಲ. ಆದರೆ ಹಣ ಕಟ್ಟುವುದು ಫೋನಿನ ಆ್ಯಪ್‌ನಲ್ಲಿ. ರೇಂಜ್ ಸಿಗದ ಗುಡ್ಡದ ಬದಿಯಲ್ಲಿ ಕಂಬ ಇದ್ದರೂ ಉಪಯೋಗಕ್ಕೆ ಬಾರದು. ಬೆಳ್ಳೂರು, ಎಣ್ಮಕಜೆ, ಕುಂಬ್ಡಾಜೆಯ ಒಳಭಾಗಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಂದ್ರದ 2022ರ ಮಾರ್ಗಸೂಚಿಯೂ ನಗರಗಳಲ್ಲಿ 3 ಕಿ.ಮೀ. ಉದ್ದಗಲದ ಚೌಕಕ್ಕೊಂದು, ಹೆದ್ದಾರಿಯಲ್ಲಿ 25 ಕಿ.ಮೀ.ಗೊಂದು ಕೇಂದ್ರ ಎಂದು ಲೆಕ್ಕ ಹಾಕಿತು. ನಮ್ಮ ಒಳರಸ್ತೆಗಳು ನಗರವೂ ಅಲ್ಲ, ಹೆದ್ದಾರಿಯೂ ಅಲ್ಲ.

1969ರ ಕೇರಳ ಆಡಳಿತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕಚೇರಿಗಳಿಗೆ ನಾವು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಎಂದ ಮೇಲೆ ನಮ್ಮ ಕನ್ನಡ ಪ್ರತಿ ಬರೀ ಅನುವಾದವಲ್ಲ, ಅದೇ ಅರ್ಜಿ. ಅದರಲ್ಲಿ ಹಕ್ಕು ಎಂಬ ಮಾತೇ ಇಲ್ಲದಿದ್ದರೆ ನಾಳೆ ಯಾವ ಬಲದ ಮೇಲೆ ಕೇಳುವುದು? ಹಕ್ಕು ಇಲ್ಲಿ ಯಾರಿಗೂ ಹೊಸ ಪದವಲ್ಲ. ಕೃಷಿ ಜಮೀನಿಗೆ ತಾಗಿದ ಸರಕಾರಿ ಜಾಗವನ್ನು ಬಳಸಿಕೊಳ್ಳುವ ಕುಮ್ಕಿ ಹಕ್ಕಿನ ಮಾತು ಹಳೆಯ ದಕ್ಷಿಣ ಕನ್ನಡದ ಕೃಷಿಕರ ಮನೆಗಳಲ್ಲಿ ಇವತ್ತಿಗೂ ಇದೆ. ಒಬ್ಬ ಹಿರಿಯರು ‘ಸಮಾನ ಲಭ್ಯತೆ’ ಸೂಚಿಸಿದರು. ಅದು ಕಚೇರಿಯ ಮಾತು, ಆಟೋಸ್ಟ್ಯಾಂಡಿನಲ್ಲಿ ಓದಿ ಹೇಳಿದರೆ ತಲೆಗೆ ಹೋಗದು.

ಇನ್ನೊಂದು ಚಿಕ್ಕ ವಿಷಯ. ಮನವಿಯಲ್ಲಿ ‘ಕಾಲೊನಿ’ ಎಂದು ಬರೆದದ್ದನ್ನು ನಾನು ತೆಗೆದಿದ್ದೇನೆ. ಪರಿಶಿಷ್ಟರ ವಸತಿಗಳಿಗೆ ಆ ಹೆಸರು ಬೇಡವೆಂದು ಕೇರಳ ಸರಕಾರ 2024ರ ಜೂನ್‌ನಲ್ಲಿ ಆದೇಶ ಹೊರಡಿಸಿ, ನಗರ್, ಉನ್ನತಿ, ಪ್ರಕೃತಿ ಎಂಬ ಹೆಸರುಗಳನ್ನು ಸೂಚಿಸಿತ್ತು. ಆಯಾ ಜಾಗದ ಹೆಸರನ್ನೇ ಬರೆಯುವುದು ಇನ್ನೂ ಒಳ್ಳೆಯದು.

ಈಗ ನನ್ನ ಪ್ರಶ್ನೆಗಳು. ಕಾಸರಗೋಡಿನ ಕನ್ನಡದಲ್ಲಿ, ಹಳೆಯ ಪಾಲುಪಟ್ಟಿ, ಆಧಾರಗಳಲ್ಲಿ (ಆಸ್ತಿಯ ದಸ್ತಾವೇಜುಗಳಲ್ಲಿ), ‘ಅವಕಾಶ’ ಹಕ್ಕಿನ ಅರ್ಥದಲ್ಲಿ ಬಂದದ್ದನ್ನು ಯಾರಾದರೂ ನೋಡಿದ್ದೀರಾ? ಹಾಗೆ ರೂಢಿ ಇದ್ದರೆ ನನ್ನ ಹಟ ಸ್ವಲ್ಪ ಸಡಿಲಿಸಬೇಕಾದೀತು. ‘ಚಾರ್ಜ್ ಮಾಡಿಕೊಳ್ಳುವ ಸಮಾನ ಹಕ್ಕು’ ಎಂದರೆ ಸಾಕೇ, ಅಥವಾ ‘ಎಲ್ಲರಿಗೂ ಎಟಕುವ ದೂರ, ಎಟಕುವ ದರ’ ಎಂದು ಬಿಡಿಸಿ ಬರೆಯಬೇಕೇ? ನಮ್ಮಂತೆ ಕರ್ನಾಟಕದ ಗಡಿಯಾಚೆ ಇರುವ ತಾಳವಾಡಿ, ಹೊಸೂರು, ಜತ್ತ, ಅಕ್ಕಲಕೋಟೆ, ಮಡಕಶಿರದ ಕನ್ನಡಿಗರು ಇಂಥ ಅರ್ಜಿಗಳಲ್ಲಿ ಏನು ಬರೆಯುತ್ತೀರಿ ಎಂಬುದನ್ನೂ ತಿಳಿಸಿ. ಗ್ರಾಮಸಭೆಗೆ ಮೊದಲು ಪ್ರತಿ ಸಿದ್ಧವಾಗಬೇಕು.