ಕಾನರಿ, ಮೂರ್: ಇಬ್ಬರ ಬಾಂಡ್ ಹೋಲಿಸಿ ತೋರಸಾಕ ಯಾವ ದೃಶ್ಯ ಹಿಡೀಬೇಕು?

ಗುಮ್ಮಟದ_ಪಿಸುಮಾತು (ವಿಜಯಪುರ)

ನಮಸ್ಕಾರ್ರಿ ಎಲ್ಲಾರಿಗೂ. ಇಲ್ಲೆ ಹವ್ಯಾಸಿ ನಾಟಕ ತಂಡದ ಹುಡುಗರಿಗೆ ಏಪ್ರಿಲ್ ಕೊನೀ ವಾರದಾಗ ಎರಡು ತಾಸಿನ ಕಾರ್ಯಕ್ರಮ ಅದ. ವಿಷಯ: ಒಂದೇ ಪಾತ್ರ, ಇಬ್ಬರು ನಟರು. ಪಾತ್ರ ಜೇಮ್ಸ್ ಬಾಂಡ್, ನಟರು ಶಾನ್ ಕಾನರಿ ಮತ್ತ ರೋಜರ್ ಮೂರ್. ಯಾರು ದೊಡ್ಡವರು ಅನ್ನೋ ಜಗಳ ನಮಗ ಬ್ಯಾಡ. ಪಾರಿಜಾತದಾಗ ಕೃಷ್ಣ ಅಂವನೇ ಇರತಾನ, ಆದ್ರ ಮೇಳ ಬದಲಾತಂದ್ರ ಕೃಷ್ಣ ನಿಲ್ಲೂ ರೀತಿ, ಸತ್ಯಭಾಮಾನ ಕಡೆ ಹೊಳ್ಳಿ ನೋಡೂ ರೀತಿ ಎಲ್ಲಾ ಬ್ಯಾರೆ ಆಗತದಲ್ಲ, ಅದನ್ನ ಹುಡುಗರಿಗೆ ಇಲ್ಲೂ ಕಾಣೂ ಹಂಗ ಮಾಡಬೇಕು.

1983ರಾಗ ಇಬ್ಬರದೂ ಒಂದೊಂದು ಬಾಂಡ್ ಸಿನಿಮಾ ಬಂದಿತ್ತು: ಮೂರ್‌ದು ‘ಆಕ್ಟೊಪಸಿ’, ಕಾನರಿದು ‘ನೆವರ್ ಸೇ ನೆವರ್ ಅಗೇನ್’. ಅವೆರಡನ್ನೇ ಎದುರಾಬದುರು ಇಟ್ರ ಸಾಕೇನ್ರಿ? ಹಿಂದಿ ಡಬ್ಬಿಂಗ್ ಸಿಕ್ರ ನಡೀತದೋ? ಪರದೆ 8 ಅಡಿ ಅಗಲ, ಪ್ರೊಜೆಕ್ಟರ್ ಸಾದಾ, ಹಾಲ್‌ಗೆ ಪಡುವಣ ದಿಕ್ಕಿಗೆ ಮೂರು ಕಿಟಕಿ ಅದಾವ.

ಘಟಪ್ರಭಾ_ದಂಡಿ (ಗೋಕಾಕ)

1983ರ ಜೋಡಿ ಬ್ಯಾಡ್ರಿ. ವರ್ಷ ಒಂದೇ ಅನ್ನೋದು ಬಿಟ್ರ ಅವೆರಡರಾಗ ಹೋಲಸಾಕ ಏನೂ ಇಲ್ಲ. ‘ನೆವರ್ ಸೇ’ ಬ್ಯಾರೆ ನಿರ್ಮಾಪಕರ ಸಿನಿಮಾ. 1965ರ ‘ಥಂಡರ್‌ಬಾಲ್’ ಕಥೀನ ಅವರು ಮತ್ತೊಮ್ಮೆ ಮಾಡಿದ್ರು. ಬಾಂಡ್‌ನ ಹೆಸರಾದ ಆ ಸಂಗೀತ ಇಲ್ಲ, ಶುರುವಿನ ಬಂದೂಕಿನ ನಳಗಿ ದೃಶ್ಯ ಇಲ್ಲ. ‘ಆಕ್ಟೊಪಸಿ’ಗೆ ಉದಯಪುರದ ಅರಮನೆ, ಕಬೀರ್ ಬೇಡಿ, ವಿಜಯ್ ಅಮೃತರಾಜ್ ಎಲ್ಲಾ ಇರೋದ್ರಿಂದ ನಮ್ಮ ಮಂದಿ ಮನಸ್ಸು ಮೊದಲೇ ಅತ್ತಾಗ ವಾಲತೈತಿ. ನಟನೆ ಅಳೀಯೂದು ದೂರ ಉಳೀತು.

ನಿರ್ದೇಶಕನ್ನ ಒಬ್ಬನನ್ನೇ ಹಿಡೀರಿ, ನಟನನ್ನ ಬದಲಿ ಮಾಡ್ರಿ. ಅದಕ್ಕ ಎರಡು ಜೋಡಿ ತಾನಾಗೇ ಸಿಗತಾವು.

ಒಂದು, ಗೈ ಹ್ಯಾಮಿಲ್ಟನ್. ಕಾನರಿ ಜೋಡಿ 1964ರಾಗ ‘ಗೋಲ್ಡ್‌ಫಿಂಗರ್’, ಮೂರ್ ಜೋಡಿ 1973ರಾಗ ‘ಲಿವ್ ಅಂಡ್ ಲೆಟ್ ಡೈ’. ಎರಡರಾಗೂ ಬಾಂಡ್ ಸಾವಿನ ಬಾಯಾಗ ಒಬ್ಬನೇ ಸಿಕ್ಕೊಂಡ ದೃಶ್ಯ ಐತಿ. ಗೋಲ್ಡ್‌ಫಿಂಗರ್‌ದಾಗ ಕಾನರಿನ್ನ ಬಂಗಾರದ ಮೇಜಿನ ಮ್ಯಾಲೆ ಕೈಕಾಲು ಕಟ್ಟಿ ಮಲಗಿಸ್ಯಾರ, ಲೇಸರ್ ಕಿರಣ ಕಾಲಿನ ನಡುವಿಂದ ಮ್ಯಾಲೆ ಬರಾಕತ್ತೈತಿ. ಮೈ ಅಲಗಾಡೂ ಹಂಗಿಲ್ಲ, ಅವನ ಕಡೆ ಉಳಿದಿದ್ದು ಮುಖ ಮತ್ತ ಧ್ವನಿ ಎರಡೇ. ಮೊದಲು ಮಾತಿನಾಗ ಬಿಗುವು ಇರತೈತಿ. ಕಿರಣ ಹತ್ರ ಬಂದ ಹಂಗ ವಾಕ್ಯ ಗಿಡ್ಡ ಆಗತಾವು, ಉಸಿರು ಮಾತಿನ ನಡುವ ತೂರತೈತಿ. ಮೇಜು ಖರೇನ ಕೊರೀತಿತ್ತು: ಕೆಳಗ ಒಬ್ಬ ತಂತ್ರಜ್ಞ ಗ್ಯಾಸ್ ಕಟರ್ ಹಿಡಕೊಂಡು ಕುಂತಿದ್ದ, ಕಿರಣವನ್ನ ಆಮ್ಯಾಲೆ ಚಿತ್ರದ ಮ್ಯಾಲೆ ಕೂಡಿಸಿದ್ರು.

ಎದುರಿಗೆ ಮೂರ್‌ನ ಮೊಸಳೆ ದೃಶ್ಯ ಇಡ್ರಿ. ಸಣ್ಣ ದಿಬ್ಬದ ಮ್ಯಾಲೆ ನಿಂತಾನ, ಸುತ್ತ ಮೊಸಳೆ. ಕೈಕಾಲು ಬಿಚ್ಚೇ ಐತಿ, ಆದ್ರೂ ಅಂವ ಗಡಿಬಿಡಿ ಮಾಡೂದಿಲ್ಲ. ಪ್ಯಾಟಿ ಹುಡುಗ ಬಸ್ಸಿಗೆ ಕಾದಂಗ ನಿಂತು ದಾರಿ ಹುಡುಕತಾನ. ಕೊನೀಗೆ ಮೊಸಳೆ ಬೆನ್ನ ಮ್ಯಾಲೆ ಓಡಿದ್ದು ಮೂರ್ ಅಲ್ಲ, ಆ ಮೊಸಳೆ ತೋಟದ ಮಾಲೀಕ ರಾಸ್ ಕನಂಗಾ. ನಾಕು ಸಲ ತಪ್ಪಿ ಐದನೇ ಸಲಕ್ಕ ದಾಟಿದ. ಖಳನಾಯಕಗ ಅವನ ಹೆಸರನ್ನೇ ಇಟ್ಟಾರ. ಅದಕ್ಕ ಓಟ ಶುರು ಆಗೂಕಿಂತ ಮುಂಚೆ ಅರ್ಧ ನಿಮಿಷ ಮೂರ್‌ನ ಮುಖ ಎಲ್ಲಿ ಕಾಣತೈತೋ ಅಷ್ಟನ್ನೇ ಹುಡುಗರಿಗೆ ತೋರಿಸಿ ನಿಲ್ಲಸ್ರಿ.

ಎರಡು, ಲೂಯಿಸ್ ಗಿಲ್ಬರ್ಟ್. 1967ರ ‘ಯೂ ಓನ್ಲಿ ಲಿವ್ ಟ್ವೈಸ್’ ಕಾನರಿದು, 1977ರ ‘ದ ಸ್ಪೈ ಹೂ ಲವ್ಡ್ ಮಿ’ ಮೂರ್‌ದು. ಕಥೀನೂ ಅಕ್ಕತಂಗೇರೇ: ಒಂದರಾಗ ದೊಡ್ಡ ಆಕಾಶನೌಕೆ ಸಣ್ಣದನ್ನ ನುಂಗತೈತಿ, ಇನ್ನೊಂದರಾಗ ದೊಡ್ಡ ಹಡಗು ಸಬ್‌ಮರೀನ್ ನುಂಗತೈತಿ. ಎರಡಕ್ಕೂ ಸೆಟ್ ಹಾಕಿದಾತ ಕೆನ್ ಆಡಮ್. ಈ ಜೋಡಿಯೊಳಗ ಗೆಲ್ಲಾಂವ ಮೂರ್. 1967ಕ್ಕ ಕಾನರಿಗೆ ಈ ಪಾತ್ರ ಸಾಕಾಗಿತ್ತು, ಬಿಡತೀನಿ ಅಂತ ಹೇಳೂ ಬಿಟ್ಟಿದ್ದ. ದೊಡ್ಡ ಸೆಟ್ಟಿನ ನಡುವ ಕಣ್ಣಾಗ ಹಸಿವಿಲ್ಲದ ನಡದಾಡತಾನ. ಮೂರ್‌ಗೆ 1977ರಾಗ ಮೂರನೇ ಸಿನಿಮಾ, ಪಾತ್ರ ಮೈಗೆ ಹತ್ತಿತ್ತು.

ಹ್ಯಾಮಿಲ್ಟನ್ ಜೋಡಿ ಒಂದನ್ನೇ ತೋರಿಸಿದ್ರ ಕಾನರಿ ಗೆದ್ದ ಅಂತಾರ, ಗಿಲ್ಬರ್ಟ್ ಜೋಡಿ ಒಂದನ್ನೇ ತೋರಿಸಿದ್ರ ಮೂರ್ ಗೆದ್ದ ಅಂತಾರ. ಎರಡೂ ತೋರಸೂದು ನ್ಯಾಯ.

ಹಿಂದಿ ಡಬ್ಬಿಂಗ್ ಖಂಡಿತ ಬ್ಯಾಡ. ಧ್ವನಿ ಮತ್ತೊಬ್ಬನದು ಆತಂದ್ರ ಅರ್ಧ ನಟನೆ ಹೋತು. ಕಾನರಿ ಎಡಿನ್‌ಬರೋದಾಂವ, ‘ಸ’ ಅನ್ನೂದು ‘ಶ’ದ ಕಡೆ ಜಾರತೈತಿ, ಮಾತು ಕಡದು ಕಡದು ಬರತಾವು. ಮೂರ್ ಲಂಡನ್ನಿನಾಂವ, ವಾಕ್ಯದ ಕೊನೀಗೆ ಒಂದು ಸಣ್ಣ ತಡೆ ಇಟ್ಟು ಆಮ್ಯಾಲೆ ಚಟಾಕಿ ಬಿಡತಾನ. ಮೂಲ ಧ್ವನಿ ಇಟ್ಟು ಕೆಳಗ ಅಕ್ಷರ ಹಾಕ್ರಿ.

ಇಳಕಲ್_ದಡಿ (ಬಾಗಲಕೋಟೆ)

ಘಟಪ್ರಭಾ ಅಣ್ಣಾರು ನಟನೆ ಹೇಳ್ಯಾರ, ನಾ ಪರದೆ ಹೇಳತೀನ್ರಿ. ಇಲ್ಲೆ ಎಡವಿದ್ರ ಹೋಲಿಕೆ ಎಲ್ಲಾ ಸುಳ್ಳಾಗತೈತಿ.

ಈ ಸಿನಿಮಾಗಳ ಚೌಕಟ್ಟು (ಅಗಲಕ್ಕ ಎತ್ತರದ ಲೆಕ್ಕ) ಒಂದೇ ಅಳತೀದಲ್ಲ. ಕಾನರಿಯ 1963ರ ‘ಫ್ರಮ್ ರಷ್ಯಾ ವಿತ್ ಲವ್’ ಡಿಸ್ಕಿನಾಗ 1.66ಕ್ಕ 1, ‘ಲಿವ್ ಅಂಡ್ ಲೆಟ್ ಡೈ’ 1.85ಕ್ಕ 1, ‘ದ ಸ್ಪೈ ಹೂ ಲವ್ಡ್ ಮಿ’ 2.35ಕ್ಕ 1. ನಿಮ್ಮದು 8 ಅಡಿ ಅಗಲದ 16:9 ಪರದೆ ಇದ್ರ ಎತ್ತರ 4 ಅಡಿ 6 ಇಂಚು. ಮೊದಲನೇದು ಪೂರಾ ಎತ್ತರ ತಗೊಂಡು ಎಡಕ್ಕ ಬಲಕ್ಕ ಕರೀ ಪಟ್ಟಿ ಬಿಡತೈತಿ. ಕೊನೀದು ಅಗಲ ಪೂರಾ ತುಂಬಿದ್ರೂ ಎತ್ತರ ಬರೇ 3 ಅಡಿ 5 ಇಂಚು ಸಿಗತೈತಿ. ಅಂದ್ರ ಕಾನರಿ ಮುಖ ದೊಡ್ಡದು, ಮೂರ್ ಮುಖ ಸಣ್ಣದು. ನೋಡೂರು ಕಾನರಿಗೆ ತೂಕ ಜಾಸ್ತಿ ಅಂತಾರ, ಖರೆ ಅಂದ್ರ ಅದು ಪರದೆಯ ತೂಕ.

ಉಪಾಯ ಸರಳ. ಮುಖ ಹೋಲಸೂ ತುಣುಕು ಬಂದಾಗ 1963ರ ಚಿತ್ರವನ್ನ ಪ್ಲೇಯರ್‌ದಾಗ ಶೇಕಡಾ 75ಕ್ಕ ಇಳಿಸ್ರಿ, ಎರಡರ ಎತ್ತರ ಸಮ ಆಗತೈತಿ. ರಿಮೋಟಿನ ‘ಝೂಮ್’ ಒತ್ತಿ 2.35ದ ಚಿತ್ರ ಹಿಗ್ಗಿಸಬ್ಯಾಡ್ರಿ, ಎಡಬಲ ಕತ್ತರಿಸಿ ಹೋಗತೈತಿ. ದಂಡಿಗೆ ನಿಂತ ನಟನೇ ಕಾಣಂಗಿಲ್ಲ.

ಕಿಟಕಿ ಅಂದ್ರಿ. ಏಪ್ರಿಲ್ ಕೊನೀಗೆ ವಿಜಯಪುರದಾಗ ಹೊತ್ತು ಮುಳುಗೂದ 6:45ರ ಸುಮಾರು, ಬೆಳಕು ಪೂರಾ ಹೋಗಾಕ ಇನ್ನರ್ಧ ತಾಸು. 7:30ಕ್ಕ ಶುರು ಮಾಡ್ರಿ. ಮುಂಚೆ ಮಾಡೂದಿದ್ರ ಕಿಟಕಿಗೆ ಕರೀ ಬಟ್ಟಿ ಎರಡು ಪದರ ಬೇಕು, ಯಾಕಂದ್ರ ‘ಫ್ರಮ್ ರಷ್ಯಾ ವಿತ್ ಲವ್’ದ ರೈಲಿನ ಹೊಡದಾಟ ನೀಲಿ ಮಬ್ಬಿನಾಗ ಐತಿ. ಸ್ವಲ್ಪ ಬೆಳಕು ಬಿದ್ರೂ ಬೂದಿ ಬಳದಂಗ ಕಾಣತೈತಿ. ಆ ಹೊಡದಾಟಕ್ಕ ಸಂಗೀತ ಇಲ್ಲ, ಬರೇ ರೈಲಿನ ಸಪ್ಪಳ, ಪೆಟ್ಟು, ಉಸಿರು. ಪ್ರೊಜೆಕ್ಟರಿನ ಒಳಗಿನ ಸ್ಪೀಕರ್ ಅದಕ್ಕ ಸಾಲೂದಿಲ್ಲ, ಹೊರಗಿಂದ ಒಂದು ಜೋಡಿ ತಂದು ಪರದೆಯ ಎರಡೂ ಕಡೆ ಇಡ್ರಿ.

ಇನ್ನೊಂದು ಮಾತು: ಮಂದಿನ್ನ ಕರದು ಸಿನಿಮಾ ತೋರಸೂದಿದ್ರ, ಟಿಕೆಟ್ ಇರಲಿ ಬಿಡಲಿ, ಹಕ್ಕುದಾರರ ಒಪ್ಪಿಗಿ ಬೇಕು. ಅದನ್ನ ಮೊದಲೇ ವಿಚಾರಿಸ್ರಿ.

ಗುಮ್ಮಟದ_ಪಿಸುಮಾತು

ಭಾಳ ಉಪಕಾರ ಆತ್ರಿ. 75 ಪರ್ಸೆಂಟ್ ಲೆಕ್ಕ ನಮಗ ಹೊಳದೇ ಇದ್ದಿಲ್ಲ. ರೈಲಿನ ಹೊಡದಾಟ ಅಂದ್ರಲ್ಲ, ಇಬ್ಬರದೂ ಅದಾವ ಏನ್ರಿ? ಮತ್ತ ಮೂರ್ ಅಂದ್ರ ಬರೇ ಹುಬ್ಬು ಏರಿಸೂದು, ಖಡಕ್ ದೃಶ್ಯ ಒಂದೂ ಇಲ್ಲ ಅಂತ ತಂಡದಾಗ ಕೆಲವರು ವಾದ ಹಾಕ್ಯಾರ. ಅದು ಖರೆ ಏನು?

ಕುಂದಾ_ಪ್ರಿಯ (ಬೆಳಗಾವಿ)

ಖರೆ ಅಲ್ಲ. ಮೂರ್ ಬಗ್ಗೆ ಈ ಮಾತು ಕೇಳಿದಾಗಲೆಲ್ಲ ಬೇಸರವಾಗುತ್ತದೆ. ಹುಬ್ಬಿನ ವಿಷಯ ಅವರೇ ತಮ್ಮ ಬಗ್ಗೆ ನಗುತ್ತ ಹೇಳಿಕೊಂಡದ್ದು, ಜನ ಅದನ್ನೇ ತೀರ್ಪು ಮಾಡಿಕೊಂಡರು.

ಮೊದಲು ರೈಲು. ‘ಫ್ರಮ್ ರಷ್ಯಾ ವಿತ್ ಲವ್’ ದೃಶ್ಯವನ್ನು ಹೊಡೆದಾಟದಿಂದ ಶುರು ಮಾಡಬೇಡಿ, ಊಟದ ಬೋಗಿಯಿಂದ ಹಾಕಿ, ಹದಿನೈದು ನಿಮಿಷ ತೆಗೆದಿಡಿ. ಬಾಂಡ್‌ನನ್ನು ಕೊಲ್ಲಲು ಬಂದ ಗ್ರಾಂಟ್ (ನಟ ರಾಬರ್ಟ್ ಶಾ) ಮೀನಿನ ಜತೆ ಕೆಂಪು ವೈನ್ ಕೇಳುತ್ತಾನೆ. ಬಾಂಡ್ ಕೇಳಿಸಿಕೊಳ್ಳುತ್ತಾನೆ, ಆದರೆ ಅದರ ಅರ್ಥ ಹೊಳೆಯುವುದು ಗ್ರಾಂಟ್‌ನ ಪಿಸ್ತೂಲು ಎದುರಿಗೆ ಬಂದ ಮೇಲೆ. ಮುಂದೆ ಕಾನರಿ ಮಂಡಿಯೂರಿ ಕೂತಿದ್ದಾನೆ. ಒಂದು ಸಿಗರೇಟಿಗಾಗಿ 50 ಬಂಗಾರದ ನಾಣ್ಯ ಕೊಡುತ್ತೇನೆ ಎನ್ನುತ್ತಾನೆ, ತನ್ನ ಪೆಟ್ಟಿಗೆ ಸರಿಯಾಗಿ ತೆರೆದು ನಾಣ್ಯ ಎಸೆಯುತ್ತಾನೆ. ಇನ್ನೊಂದು ಪೆಟ್ಟಿಗೆಯಲ್ಲೂ ಇರಬಹುದು, ನೋಡುತ್ತೇನೆ ಎಂದು ಕೈ ಚಾಚುತ್ತಾನೆ. ಆ ಕೈಯನ್ನು ನೋಡಿ. ಆಸೆ ಹುಟ್ಟಿಸುವಷ್ಟು ಬೇಗ ಚಾಚಿದೆ, ಅನುಮಾನ ಹುಟ್ಟಿಸುವಷ್ಟೂ ಬೇಗ. ಗ್ರಾಂಟ್ ಅವನನ್ನು ತಡೆದು ತಾನೇ ತೆರೆಯುತ್ತಾನೆ. ಚಿಲಕ ತಿರುಗಿಸದೆ ತೆರೆದರೆ ಅನಿಲ ಸಿಡಿಯುವ ಪೆಟ್ಟಿಗೆ ಅದು. ಹೊಡೆದಾಟ ಗೆದ್ದದ್ದು ಅಲ್ಲಿಯೇ. ಇದನ್ನು ರಂಗದ ಮೇಲೆ ಮಾಡಲು ಹೊರಟವರಿಗೆ ಗೊತ್ತಾಗುತ್ತದೆ, ಆ ಕೈಯ ವೇಗ ಎಷ್ಟು ಕಷ್ಟ ಅಂತ.

ಮೂರ್ ಪಾಲಿಗೆ ರೈಲು ಎರಡು. 1973ರಲ್ಲಿ ಕಬ್ಬಿಣದ ಕೈಯ ಟೀ ಹೀ ಜತೆ, 1977ರಲ್ಲಿ ಉಕ್ಕಿನ ಹಲ್ಲಿನ ಜಾಸ್ ಜತೆ. ಎರಡನೆಯದನ್ನು ತೆಗೆದುಕೊಳ್ಳಿ, ನಾಲ್ಕು ನಿಮಿಷ ಸಾಕು. ರಾಬರ್ಟ್ ಶಾ ಕಾನರಿಗೆ ಸಮಬಲದ ಎದುರಾಳಿ. ಜಾಸ್ ಆಗಿರುವ ರಿಚರ್ಡ್ ಕೀಲ್ ಏಳು ಅಡಿ ದಾಟಿದ ಆಳು. ಮೂರ್ ಬಲದಿಂದ ಗೆಲ್ಲುವ ಹಾಗೇ ಇಲ್ಲ. ಹಾಗಾಗಿ ಅವರು ಅಭಿನಯಿಸುವುದು ಹುಡುಕಾಟವನ್ನು: ಕಣ್ಣು ಕೋಣೆಯೆಲ್ಲ ತಿರುಗುತ್ತದೆ, ದೀಪ ಸಿಗುತ್ತದೆ, ಬಲ್ಬು ಒಡೆದು ಕರೆಂಟು ಹಲ್ಲಿಗೆ ಮುಟ್ಟಿಸುತ್ತಾರೆ. ಕಾನರಿಯಂತೆ ಹೊಡೆದಾಡಿಲ್ಲ ಎಂದು ಇಲ್ಲಿ ಅಂಕ ಕಳೆಯುವುದು ತಪ್ಪು. ದೃಶ್ಯ ಕಟ್ಟಿರುವುದೇ ಬೇರೆ ಲೆಕ್ಕದಲ್ಲಿ.

ಖಡಕ್ ದೃಶ್ಯಕ್ಕೆ ಬರೋಣ. ‘ಡಾಕ್ಟರ್ ನೋ’ (1962) ದಲ್ಲಿ ಪ್ರೊಫೆಸರ್ ಡೆಂಟ್‌ನನ್ನು ಕೊಲ್ಲುವ ದೃಶ್ಯ ಎಲ್ಲರಿಗೂ ಗೊತ್ತು. ಕಾನರಿ ಕತ್ತಲಲ್ಲಿ ಇಸ್ಪೀಟು ಹರಡಿಕೊಂಡು ಕಾಯುತ್ತಾನೆ, ಶತ್ರುವಿನ ಗುಂಡು ಮುಗಿದಿದೆ ಎಂದು ಗೊತ್ತಿದ್ದೂ ಹೊಡೆಯುತ್ತಾನೆ. ಅದಕ್ಕೆ ಜೋಡಿಯಾಗಿ ‘ದ ಸ್ಪೈ ಹೂ ಲವ್ಡ್ ಮಿ’ಯ ಕೈರೋ ಮಾಳಿಗೆ ದೃಶ್ಯ ಹಾಕಿ. ಸ್ಯಾಂಡರ್ ಮಾಳಿಗೆಯ ಅಂಚಿನಲ್ಲಿ ಬಾಂಡ್‌ನ ಟೈ ಹಿಡಿದು ಜೋತಾಡುತ್ತಿದ್ದಾನೆ. ಮೂರ್ ತಾನು ಹುಡುಕುತ್ತಿರುವವನು ಎಲ್ಲಿದ್ದಾನೆಂದು ಕೇಳಿಕೊಳ್ಳುತ್ತಾರೆ, ಉತ್ತರ ಸಿಕ್ಕ ಕೂಡಲೇ ಟೈ ಕಿತ್ತು ಬಿಡುತ್ತಾರೆ. ಮುಖದಲ್ಲಿ ಸಿಟ್ಟೂ ಇಲ್ಲ, ಸಂತೋಷವೂ ಇಲ್ಲ. ಸ್ಯಾಂಡರ್ ಆದ ಮಿಲ್ಟನ್ ರೀಡ್ ‘ಡಾಕ್ಟರ್ ನೋ’ದಲ್ಲಿ ಕಾವಲುಗಾರನಾಗಿಯೂ ಇದ್ದಾರೆ.

ಇನ್ನೊಂದು, 1981ರ ‘ಫಾರ್ ಯುವರ್ ಐಸ್ ಓನ್ಲಿ’. ಲಾಕ್ ಎಂಬ ಕೊಲೆಗಾರನ ಕಾರು ಕಡಿದಾದ ಅಂಚಿನಲ್ಲಿ ವಾಲಿ ನಿಂತಿದೆ, ಬಾಂಡ್ ಕಾಲಿನಿಂದ ಒದ್ದು ಕೆಳಗೆ ಬೀಳಿಸುತ್ತಾನೆ. ಇದು ತನ್ನ ಬಾಂಡ್ ಮಾಡುವ ಕೆಲಸವಲ್ಲ ಎಂದು ಮೂರ್ ಹಿಂಜರಿದಿದ್ದರು, ನಿರ್ದೇಶಕ ಜಾನ್ ಗ್ಲೆನ್ ಪಟ್ಟು ಹಿಡಿದು ಮಾಡಿಸಿದರು. ಆ ಹಿಂಜರಿಕೆ ಒದೆತಕ್ಕೆ ಮುಂಚಿನ ನಿಲುವಿನಲ್ಲಿ ಕಾಣುತ್ತದೆ ಎಂಬುದು ನನ್ನ ಅನಿಸಿಕೆ. ದೃಶ್ಯಕ್ಕೆ ತೂಕ ಬಂದದ್ದು ಅದರಿಂದ.

ಮೂರ್ ಕಡೆಯ ಕೊರತೆಯನ್ನೂ ಮುಚ್ಚಿಡುವುದು ಬೇಡ. ಹುಡುಗನಾಗಿದ್ದಾಗ ಬಂದೂಕಿನಿಂದ ಆದ ಅಪಘಾತದ ಮೇಲೆ ಗುಂಡಿನ ಸದ್ದಿಗೆ ಕಣ್ಣು ಮಿಟುಕುತ್ತಿತ್ತು ಎಂದು ಅವರೇ ಹೇಳಿದ್ದಾರೆ. ಓಡುವುದನ್ನೂ ಆದಷ್ಟು ತಪ್ಪಿಸುತ್ತಿದ್ದರು. ಕಾನರಿ ಸ್ವೀಡನ್ನಿನ ನೃತ್ಯಗಾರ ಯಾಟ್ ಮಾಲ್ಮ್‌ಗ್ರೆನ್ ಬಳಿ ಚಲನೆ ಕಲಿತವರು, ಆ ನಡಿಗೆ ನೋಡಿಯೇ ನಿರ್ಮಾಪಕರು ಒಪ್ಪಿದ್ದು. ನಡಿಗೆಯಲ್ಲಿ ಕಾನರಿ ಮುಂದೆ, ಅನುಮಾನವಿಲ್ಲ. ವಯಸ್ಸಿನ ಲೆಕ್ಕ ಹಲವರು ತಪ್ಪು ಹಿಡಿಯುತ್ತಾರೆ: ನಂತರ ಬಂದ ಮೂರ್ 1927ರವರು, ಮೊದಲು ಬಂದ ಕಾನರಿ 1930ರವರು. 1985ರ ಕೊನೆಯ ಬಾಂಡ್ ಬಿಡುಗಡೆಯಾದಾಗ ಮೂರ್‌ಗೆ 57. ಆ ಸಿನಿಮಾದಿಂದ ಏನನ್ನೂ ಹೋಲಿಕೆಗೆ ತರಬೇಡಿ.

ಘಟಪ್ರಭಾ_ದಂಡಿ

ಕುಂದಾ ಅವರು ಹೇಳಿದ ಕೈರೋ ದೃಶ್ಯ ನನಗ ನೆನಪೇ ಆಗಿರಲಿಲ್ಲ, ಡೆಂಟ್‌ಗೆ ಅದೇ ಸರಿ ಜೋಡಿ.

ಡೆಂಟ್ ದೃಶ್ಯ ಹಾಕೂಮುಂದ ಒಂದು ಎಚ್ಚರ. ಮಾತಿನಾಗ ಡೆಂಟ್‌ನ ಪಿಸ್ತೂಲು ಸ್ಮಿತ್ ಅಂಡ್ ವೆಸನ್, ಆರು ಗುಂಡು ಮುಗದಾವು ಅಂತ ಬರತೈತಿ. ಕೈಯಾಗ ಕಾಣೂದು ಏಳು ಗುಂಡಿನ ಕೋಲ್ಟ್ 1911. ಗೊತ್ತಿದ್ದ ಹುಡುಗ ಒಬ್ಬ ಎದ್ದು ಕೇಳೇ ಕೇಳತಾನ, ಹತ್ತು ನಿಮಿಷ ಅಲ್ಲೇ ಹೋಗತೈತಿ. ನೀವೇ ಮೊದಲು ಹೇಳಿಬಿಡ್ರಿ.

ಅನುಕ್ರಮ: ಪ್ರತಿ ಜೋಡಿಯೊಳಗೂ ಮೂರ್ ಮೊದಲು, ಕಾನರಿ ಆಮ್ಯಾಲೆ. ಕಾನರಿಯ ರೈಲು ನೋಡಿದ ಕಣ್ಣಿಗೆ ಜಾಸ್ ದೃಶ್ಯ ಆಟಿಗಿ ಆಟ ಅನಸತೈತಿ.

ಕುಂದಾ_ಪ್ರಿಯ

ಅನುಕ್ರಮದಲ್ಲಿ ನನಗೆ ಒಪ್ಪಿಗೆಯಿಲ್ಲ ಅಣ್ಣಾ. ‘ಲಿವ್ ಅಂಡ್ ಲೆಟ್ ಡೈ’ಯಲ್ಲಿ ಮೂರ್‌ಗೆ ಮಾರ್ಟಿನಿ ಬದಲು ಬೂರ್ಬನ್ ಕೊಟ್ಟರು, ಸಿಗರೇಟು ಬಿಡಿಸಿ ಚುಟ್ಟಾ ಕೊಟ್ಟರು, ಕರಿ ಟೈಯ ಸೂಟು ಹಾಕಿಸಲೇ ಇಲ್ಲ. ಕಾನರಿಯ ನೆರಳು ಬೀಳಬಾರದೆಂದು ಬೇಕಂತಲೇ ಮಾಡಿದ್ದು. ಕಾನರಿಯನ್ನು ಮೊದಲು ನೋಡದಿದ್ದರೆ ಹುಡುಗರಿಗೆ ಈ ಆಯ್ಕೆಗಳು ಆಯ್ಕೆಗಳೆಂದೇ ಕಾಣುವುದಿಲ್ಲ. ರೈಲು ಒಂದಕ್ಕೆ ಬೇಕಾದರೆ ಮೂರ್ ಮೊದಲು ಇರಲಿ, ಉಳಿದದ್ದು ವರ್ಷದ ಪ್ರಕಾರ.

ಇಳಕಲ್_ದಡಿ

ಪ್ರತಿ ತುಣುಕನ್ನ ಎರಡೆರಡು ಸಲ ಹಾಕ್ರಿ, ಮೊದಲು ಮೂಕ, ಆಮ್ಯಾಲೆ ಧ್ವನಿ ಜೋಡಿ. ಮೂಕ ಹಾಕಿದಾಗ ಅಕ್ಷರನೂ ಬಂದ್ ಇರಲಿ, ಇಲ್ಲಂದ್ರ ಕಣ್ಣು ಕೆಳಗೇ ಹೋಗತಾವು. ಹುಡುಗರ ಕೈಗೆ ಒಂದು ಹಾಳಿ ಕೊಟ್ಟು ಮೂರು ಪಟ್ಟಿ ಹೊಡಸ್ರಿ: ಕೈ, ಕಣ್ಣು, ಮಾತು. ಅವರಿಗೆ ಕಂಡದ್ದನ್ನ ಅಲ್ಲೇ ಬರೀಲಿ.

ನಮ್ಮ ಕಡೆಯ ಪತ್ತೇದಾರನ್ನೂ ಸೇರಸಬೇಕು ಅಂತ ಯಾರರೆ ಅಂದ್ರ, ಸಿಐಡಿ 999 ಪಾತ್ರವನ್ನ 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ತನಕ ನಾಕೂ ಸಿನಿಮಾದಾಗ ಮಾಡಿದಾತ ರಾಜಕುಮಾರ್ ಒಬ್ಬರೇ. ಇಬ್ಬರನ್ನ ಹೋಲಸಾಕ ಅಲ್ಲಿ ಜಾಗ ಇಲ್ಲ. ಆ ನಾಕನ್ನ ಇನ್ನೊಂದು ಸಂಜಿಗೆ ಇಟ್ಕೋರಿ.

ಗುಮ್ಮಟದ_ಪಿಸುಮಾತು

ಹಿಂಗ ಬರದುಕೊಂಡೀನ್ರಿ: ರೈಲು ಜೋಡಿ ಮೂರ್‌ನಿಂದ ಶುರು, ಆಮ್ಯಾಲೆ ಡೆಂಟ್ ಮತ್ತ ಕೈರೋ ಮಾಳಿಗಿ, ಲೇಸರ್ ಮತ್ತ ಮೊಸಳೆ, ಗಿಲ್ಬರ್ಟ್ ಜೋಡಿಯಿಂದ ಐದೈದು ನಿಮಿಷ, ಹೊತ್ತು ಉಳದ್ರ ಲಾಕ್‌ನ ಕಾರು. ಎಲ್ಲಾ ಮೊದಲು ಮೂಕ. ಕರೀ ಬಟ್ಟಿ, ಸ್ಪೀಕರ್ ಎರಡೂ ಹೇಳಿಟ್ಟೀವಿ, 7:30ಕ್ಕ ಶುರು. ಹಕ್ಕುದಾರರಿಗೆ ನಾಳೆ ಬರೀತೀವಿ.