ಇರೋದು 36, ಅನಿಸೋದು 35

"ಇವತ್ತು 36, ನಾಳೆ 37. ನಾಳೆ ಸಂಜೆ ಮಳೆ ಶೇಕಡಾ 40. ಅತ್ತಿಗೆ, ಸಂಡಿಗೆ ಹಾಕಬೇಡಿ!" ಕಿಟ್ಟಿ ಫೋನ್ ನೋಡಿಕೊಂಡೇ ಮಹಡಿ ಮೆಟ್ಟಿಲು ಹತ್ತಿ ಬಂದ.

ಶಾರದತ್ತಿಗೆ ಆಗಲೇ ಶಾಮಣ್ಣನ ಹಳೇ ಪಂಚೆ ಹಾಸಿ, ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟು, ಸಬ್ಬಕ್ಕಿ ಹಿಟ್ಟನ್ನು ಚಮಚದಲ್ಲಿ ಬಿಡುತ್ತಾ ಅರ್ಧ ಪಂಚೆ ದಾಟಿದ್ದರು. "ಮಿಕ್ಕಿದ್ದನ್ನ ನಿನ್ನ ತಲೆ ಮೇಲೆ ಹಾಕಲಾ?" ಅಂದರು.

ಶಾಮಣ್ಣ ಮುರುಕು ಕೊಡೆ ಹಿಡಿದು ನೀರಿನ ಟ್ಯಾಂಕಿನ ನೆರಳಲ್ಲಿ ಕೂತಿದ್ದ. ಕಾಗೆ ಓಡಿಸುವ ಡ್ಯೂಟಿ. "ಅದಿರಲಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ ಓದು."

"ಫೀಲ್ಸ್ ಲೈಕ್ 35."

"ಇರೋದು 36, ಅನಿಸೋದು 35. ಒಂದು ಡಿಗ್ರಿ ರಿಯಾಯಿತಿ! ನನಗೆ ಏನು ಅನಿಸಬೇಕು ಅಂತ ಹೇಳೋಕೆ ಇಷ್ಟು ದಿನ ಇವಳೊಬ್ಬಳೇ ಇದ್ದಳು. ಈಗ ಫೋನೂ ಸೇರಿಕೊಂಡಿತು."

"ಹಾಗಲ್ಲ ಶಾಮಣ್ಣ," ಕಿಟ್ಟಿಯ ಹಿಂದೆಯೇ ಬಂದಿದ್ದ ಗೋಪಿಯ ಇಂಜಿನಿಯರ್ ಗಂಟಲು ತೆರೆಯಿತು. "ಇಲ್ಲಿ ಗಾಳಿ ಒಣ. ಬೆವರು ಬಂದ ಹಾಗೇ ಆರಿಹೋಗುತ್ತೆ, ಮೈಗೆ ಸ್ವಲ್ಪ ಹಾಯ್. ಮಂಗಳೂರಲ್ಲಿ ನಮ್ಮ ಭಾವನಿಗೆ 34 ಇದ್ದರೂ 40ರ ಮೇಲೆ ಅನಿಸುತ್ತೆ. ಅಲ್ಲಿ ಬೆವರು ಆರೋದೇ ಇಲ್ಲ."

"ಹಾಗಾದರೆ ನನ್ನ ಪೆನ್ಶನ್ನಿಗೂ ಒಂದು ಹಾಕಿಸು. ಇರೋದು 30 ಸಾವಿರ, ಅನಿಸೋದು 12."

"ನನ್ನ ವಯಸ್ಸು 61. ನಿನ್ನ ಮೆಟ್ಟಿಲು ಹತ್ತಿದ ಮೇಲೆ ಅನಿಸೋದು 85," ಅಂದ ಕಿಟ್ಟಿ.

"ಮದುವೆಯಾಗಿ 34 ವರ್ಷ..." ಶಾಮಣ್ಣ ಶುರುಮಾಡಿದ. ಚಮಚ ಅಲ್ಲೇ ನಿಂತಿತು. "...ಅನಿಸೋದು ಮೊನ್ನೆ ಮೊನ್ನೆ ಆದ ಹಾಗೆ."

ಚಮಚ ಮತ್ತೆ ಓಡಿತು.

"ಅದೆಲ್ಲಾ ಇರಲಿ, ಶೇಕಡಾ 40 ಅಂದ್ರೆ ಏನೋ? ಪಂಚೆಯ ಅಷ್ಟು ಭಾಗ ಮಾತ್ರ ನೆನೆಯುತ್ತಾ?" ಅಂದ ಶಾಮಣ್ಣ.

"ಇಂಥವೇ ಹತ್ತು ದಿನ ಬಂದರೆ ಅದರಲ್ಲಿ ನಾಲ್ಕು ದಿನ ಮಳೆ ಅಂತ," ಅಂದ ಗೋಪಿ.

"ಹತ್ತು ದಿನ ಸಂಡಿಗೆ ಹಾಕೋರು ಯಾರಪ್ಪಾ? ಮಳೆ ಬಂದರೆ ಫೋನು ಹೇಳಿತ್ತು ಅಂತೀರ. ಬರದಿದ್ದರೆ, ನೋಡಿ, 60 ಬಿಟ್ಟಿತ್ತು ಅಂತೀರ. ಗಿಣಿ ಶಾಸ್ತ್ರದವನಿಗೂ ಇಷ್ಟು ಧೈರ್ಯ ಇರಲಿಲ್ಲ. ಅದರಲ್ಲೂ ಏಪ್ರಿಲ್ ಮಳೆ! ಮಲ್ಲೇಶ್ವರದಲ್ಲಿ ಆಲಿಕಲ್ಲು, ಜಯನಗರದಲ್ಲಿ ಬರೀ ದೂಳು. ಬೆಂಗಳೂರಿಗೆ 40 ಸರಿ, ಯಾರ ಮಹಡಿಗೆ ಅಂತ ಹೇಳಲಿ."

"2016ರ ಏಪ್ರಿಲ್‌ನಲ್ಲಿ 39.2 ಮುಟ್ಟಿತ್ತು. ಆಗಲೂ ಹೀಗೇ ತಮಾಷೆ ಮಾಡ್ತಿದ್ದೆ ನೀನು," ಕಿಟ್ಟಿಗೆ ಫೋನಿನ ಪರ ಸಿಟ್ಟು ಬಂತು.

"ಅದು ಹವಾಮಾನ ಇಲಾಖೆಯ ಲೆಕ್ಕ, ಒಪ್ಪಿದೆ. ಆದರೆ ಅವರ ಥರ್ಮಾಮೀಟರು ಬಿಳೀ ಪೆಟ್ಟಿಗೆಯೊಳಗೆ, ಗಾಳಿ ಆಡೋ ಕಡೆ ತಣ್ಣಗೆ ಕೂತಿರುತ್ತೆ. ಈ ಊರಲ್ಲಿ ನೆರಳು ಸಿಕ್ಕಿರೋದು ಅದೊಂದಕ್ಕೇ."

"ಕಾಗೆ!" ಅಂದರು ಶಾರದತ್ತಿಗೆ. ಕೊಡೆ ಎದ್ದಿತು, ಕಾಗೆ ಹೋಯಿತು.

"ನಾಳೆಯೋ ನಾಡಿದ್ದೋ ಭರಣಿ ಹುಟ್ಟುತ್ತೆ," ಶಾಮಣ್ಣನ ದನಿ ಇಳಿಯಿತು. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಿದ್ದಳು ಅಮ್ಮ. ಶೇಕಡಾ ಗಿಕಡಾ ಇಲ್ಲ. ನಾಲ್ಕು ಗಂಟೆಗೆ ಇಲ್ಲೇ ನಿಂತು ಮೋಡ ನೋಡೋಳು, ಸಂಡಿಗೆ ಒಳಗೆ ಅನ್ನೋಳು."

"ತಪ್ಪಾಗ್ತಿರಲಿಲ್ವಾ?"

"ಬೇಕಾದಷ್ಟು ಸಲ. ನೆಂದ ಸಂಡಿಗೆಯನ್ನ ಪಂಚೆಯಿಂದ ಕಿತ್ತು ಹಸೀದೇ ತಿಂತಿದ್ವಿ. ಅಮ್ಮನ ಲೆಕ್ಕ ತಪ್ಪಲಿ ಅಂತಾನೇ ಕಾಯ್ತಿದ್ವಿ."

ಗೋಪಿ ನಕ್ಕ. ಶಾಮಣ್ಣ ನಗಲಿಲ್ಲ.

"ಈ ಮನೆ ಕಟ್ಟಿಸುವಾಗ ಅಪ್ಪ ನಡುಮನೆಗೆ ಒಂದೇ ಕೊಕ್ಕೆ ಹಾಕಿಸಿದ್ದು, ತೊಟ್ಟಿಲಿಗೆ. ಬೆಂಗಳೂರಲ್ಲಿ ಫ್ಯಾನ್ ಯಾಕೋ ಅನ್ನೋರು. ನನ್ನ ಮಗಳನ್ನ ತೂಗಿದ್ದೂ ಅದೇ ಕೊಕ್ಕೆಗೆ. ಈಗ ಅಲ್ಲಿ ಫ್ಯಾನು ತಿರುಗ್ತಾ ಇದೆ, ರಾತ್ರಿ ಹಗಲು."

ಯಾರೂ ಮಾತಾಡಲಿಲ್ಲ. ಆ ಹೊತ್ತು ನೋಡಿ ಕಾಗೆ ಎರಡು ಸಂಡಿಗೆ ಹಾರಿಸಿಕೊಂಡು ಹೋಯಿತು.

ಮಾತು ಬದಲಿಸೋಣ ಅಂತ ಕಿಟ್ಟಿ ಫೋನ್ ಹುಡುಕಿದ. ಗೋಡೆಯ ಮೇಲೆ, ಬಿಸಿಲಿನಲ್ಲಿ ಇಟ್ಟುಬಿಟ್ಟಿದ್ದ. ಮುಟ್ಟಿದವನೇ ಕೈ ಕೊಡವಿದ. ಪರದೆ ಕಪ್ಪಾಗಿತ್ತು. ಫೋನು ತುಂಬಾ ಬಿಸಿಯಾಗಿದೆ, ತಣ್ಣಗಾಗುವ ತನಕ ಕಾಯಿರಿ ಅಂತ ಒಂದೇ ಸಾಲು.

"ಪಾಪ, ನೆರಳಿಗೆ ತಾರೋ," ಅಂದ ಶಾಮಣ್ಣ, ಟ್ಯಾಂಕಿನ ಪಕ್ಕ ಸ್ವಲ್ಪ ಸರಿದು ಜಾಗ ಮಾಡಿ. "ಈಗ ಅದಕ್ಕೂ ಅನಿಸ್ತಾ ಇದೆ."